ನೀರಗಂಟಿಗೆ ಬರೆದ ವಿಶೇಷಣಗಳು

ತಾಯಲೂರಿನ ಆಚೆಗಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟ್ರು. ಸುತ್ತಮುತ್ತ ಯಾರಿಗೆ ಸನ್ಮಾನವಾದರೂ ಪತ್ರ ಬರೆಯುವ ಕೆಲಸ ನನ್ನ ತಲೆಗೇ ಬರುತ್ತದೆ. ನಿವೃತ್ತರಾದ ಹೆಡ್‌ಮಾಸ್ಟರಿಗೆ, ಡೇರಿ ಕಾರ್ಯದರ್ಶಿಗೆ, ವರ್ಗವಾಗಿ ಹೋದ ದನದ ಡಾಕ್ಟರಿಗೆ ಬರೆದಿದ್ದೇನೆ. ನಿಜ ಹೇಳಬೇಕೆಂದರೆ ಎಲ್ಲರಿಗೂ ಬರೆದದ್ದು ಹೆಚ್ಚುಕಡಿಮೆ ಒಂದೇ ಪತ್ರ. ಹೆಸರು ಬದಲಾಗುತ್ತಿತ್ತು, ವಿಶೇಷಣಗಳು ಬದಲಾಗುತ್ತಿರಲಿಲ್ಲ.

ಹೋದ ವರ್ಷ ನಮ್ಮೂರ ನೀರಗಂಟಿ ಕೆಲಸ ಬಿಟ್ಟರು. ಕೆರೆಯ ತೂಬು ಎತ್ತಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವುದು ಅವರ ಕೆಲಸವಾಗಿತ್ತು. ವಯಸ್ಸಾಗಿ ಕೆರೆ ಏರಿ ಹತ್ತಲು ಆಗುತ್ತಿರಲಿಲ್ಲ. ಊರಿನವರೆಲ್ಲ ಸೇರಿ ಅವರಿಗೆ ಶಾಲು ಹೊದಿಸಬೇಕೆಂದು ತೀರ್ಮಾನಿಸಿದರು. ನಾನು ಒಂದೇ ಸಂಜೆಯಲ್ಲಿ ಪತ್ರ ಬರೆದು ಮುಗಿಸಿದೆ. ಮುಳಬಾಗಿಲಿಗೆ ಹೋಗಿ ಅಚ್ಚು ಹಾಕಿಸುವ ಮುಂಚೆ, ತಪ್ಪೇನಾದರೂ ಇದೆಯೇ ಎಂದು ಕೇಳಲು ಅವರ ಮನೆಗೆ ಹೋದೆ.

ಅವರಿಗೆ ಓದು ಬಾರದು. ಜಗಲಿಯ ಮೇಲೆ ಕೂತು, ನಾನು ಓದಿದ್ದನ್ನು ಗಮನವಿಟ್ಟು ಕೇಳಿದರು. "ಗೌರವಾನ್ವಿತರೂ" ಎಂಬಲ್ಲಿ ಕೈ ಎತ್ತಿ ತಡೆದರು.

"ಗೌರವ ಅಂದ್ರೇನು ಮೇಷ್ಟ್ರೇ? ಎಲ್ರೂ ಅಂತಾರೆ, ನಾನೂ ಅಂತೀನಿ. ಮೂಲದಾಗೆ ಏನದು?"

"ಗುರು ಅನ್ನೋ ಮಾತಿಂದ ಬಂದಿದ್ದು ತಾತ. ಗುರು ಅಂದ್ರೆ ತೂಕ ಇರೋದು, ಭಾರ."

"ಸರಿ ಐತೆ. ಭಾರಾನೇ," ಎಂದರು.

ಮುಂದೆ "ಪ್ರಾತಃಸ್ಮರಣೀಯರೂ" ಬಂತು. ಬೆಳಿಗ್ಗೆ ಎದ್ದ ಕೂಡಲೇ ನೆನೆಯಬೇಕಾದವರು ಎಂದು ಅರ್ಥ ಹೇಳಿದೆ. ಅವರು ನಕ್ಕರು.

"ನೆನೀತಿದ್ರು ಬಿಡಿ. ಗದ್ದೆಗೆ ನೀರು ಬಂದಿಲ್ಲ ಅಂತ ಬಯ್ಕೊಂಡು ನೆನೀತಿದ್ರು."

ಅದರ ನಂತರದ ಪದ "ಅಜಾತಶತ್ರು". ಶತ್ರುವೇ ಹುಟ್ಟಿಲ್ಲದವರು ಎಂದೆ. ಅವರ ನಗು ನಿಂತಿತು.

"ಅದನ್ನ ತೆಗೀರಿ."

"ಹೊಗಳೋವಾಗ ಹಂಗೆ ಬರೀತೀವಿ ತಾತ."

"ನಮ್ಮಕ್ಕ ಎದುರಿಗೆ ಕೂತಿರ್ತಾಳೆ. ಅವಳ ಮುಂದೆ ಸುಳ್ಳು ಓದ್ಬೇಡಿ ಮೇಷ್ಟ್ರೇ."

ಆಮೇಲೆ ನಿಧಾನವಾಗಿ ಹೇಳಿದರು. ಹನ್ನೆರಡು ವರ್ಷದ ಹಿಂದೆ ಕೆರೆಯಲ್ಲಿ ಅರ್ಧ ನೀರೂ ಇರಲಿಲ್ಲ. ಸರದಿ ಮೀರಿ ಯಾರಿಗೂ ನೀರು ಇಲ್ಲವೆಂದು ಊರೇ ಒಪ್ಪಿತ್ತು. ಗಂಡನನ್ನು ಕಳೆದುಕೊಂಡಿದ್ದ ಅಕ್ಕನ ಗದ್ದೆ ತೂಬಿನ ಹತ್ತಿರವೇ ಇತ್ತು. ಅವಳ ಸರದಿ ಮುಗಿದಾಗ ಅರ್ಧ ಗದ್ದೆ ಇನ್ನೂ ನೆನೆದಿರಲಿಲ್ಲ. ಇನ್ನೊಂದು ಗಂಟೆ ಬಿಡು ಎಂದು ತಮ್ಮನನ್ನು ಕೇಳಿಕೊಂಡಳು. ಇವರು ಮಣ್ಣು ಹಾಕಿ ಅವಳ ಗದ್ದೆಗೆ ನೀರು ಹರಿಯುವ ಮಡೆ ಮುಚ್ಚಿ, ನೀರನ್ನು ಕಾಲುವೆಯ ಕೊನೆಯ ಗದ್ದೆಗಳಿಗೆ ತಿರುಗಿಸಿದರು. ಅಕ್ಕನ ಅರ್ಧ ಬೆಳೆ ಜೊಳ್ಳಾಯಿತು. ಎರಡು ಬೀದಿ ಆಚೆ ಇರುವ ಅವಳು ಅಂದಿನಿಂದ ಇವರ ಮನೆಯ ಹೊಸ್ತಿಲು ತುಳಿದಿರಲಿಲ್ಲ.

"ಅಕ್ಕಂಗೆ ಬಿಟ್ಟಿದ್ರೆ ಮಾರನೇ ದಿನ ಊರೆಲ್ಲ ಗುದ್ದಲಿ ಹಿಡ್ಕೊಂಡು ಬರ್ತಿತ್ತು," ಎಂದರು.

ಮನೆಗೆ ಬಂದು ಪತ್ರ ನೋಡಿಕೊಂಡರೆ ನನಗೇ ನಾಚಿಕೆಯಾಯಿತು. ಆ ಮನುಷ್ಯ ಅದರಲ್ಲಿ ಎಲ್ಲೂ ಇರಲಿಲ್ಲ. ಹಳೆಯ ನಿಘಂಟು ತೆಗೆದು ಒಂದೊಂದೇ ಪದ ನೋಡುತ್ತಾ ಹೋದೆ. "ನೆಚ್ಚಿನ" ಎಂಬಲ್ಲಿ ಕಣ್ಣು ನಿಂತಿತು. ಎಷ್ಟೋ ಪತ್ರಗಳಲ್ಲಿ ಅದನ್ನು ಪ್ರೀತಿಯ ಎಂಬ ಅರ್ಥದಲ್ಲಿ ಬರೆದಿದ್ದೆ. ಈ ಗಡಿ ಸೀಮೆಯಲ್ಲಿ ನಾವೆಲ್ಲ ಮನೆಯಲ್ಲಿ ಆಡುವ ತೆಲುಗಿನಲ್ಲೂ "ನಚ್ಚಿಂದಿ" ಎಂದರೆ ಇಷ್ಟವಾಯಿತು ಎಂದೇ. ಆದರೆ ಕನ್ನಡದ ನಚ್ಚು, ನೆಚ್ಚು ಎಂಬ ಮಾತಿಗೆ ಹಳೆಯ ಅರ್ಥ ನಂಬುವುದು. ನಂಬಿಕೆಗೆ ಅರ್ಹನಾದವನು ನೆಚ್ಚಿನವನು.

ಮಿಕ್ಕದ್ದನ್ನೆಲ್ಲ ಹೊಡೆದು ಹಾಕಿ, ನಾಲ್ಕೇ ಸಾಲು ಬರೆದೆ. "ತನ್ನವರೆಂದು ಯಾರಿಗೂ ಒಂದು ಗಳಿಗೆ ಹೆಚ್ಚು ನೀರು ಬಿಡದ, ಊರಿನ ನೆಚ್ಚಿನ ನೀರಗಂಟಿ" ಎಂಬುದು ಅದರಲ್ಲೊಂದು. ಅವರಿಗೆ ಓದಿ ತೋರಿಸಿದಾಗ ಆ ಸಾಲನ್ನು ಇನ್ನೊಂದು ಸಲ ಓದಿಸಿ, "ಇದು ಇರ್ಲಿ" ಎಂದರು.

ಸನ್ಮಾನದ ದಿನ ಪತ್ರ ಓದಿ, ಆ ಪದದ ಅರ್ಥವನ್ನೂ ಹೇಳಿದೆ. ಹೆಂಗಸರ ಸಾಲಿನಲ್ಲಿ ಕೂತಿದ್ದ ಅಕ್ಕ ತಲೆ ತಗ್ಗಿಸಿಕೊಂಡರು. ಹಾರ ತುರಾಯಿ ಮುಗಿದ ಮೇಲೆ ಅವರು ನೇರವಾಗಿ ನನ್ನ ಬಳಿಗೇ ಬಂದರು.

"ನಾಕೈತೇ ವಾಡು ಚೇಸಿಂದಿ ನಚ್ಚಲೇದು ಮೇಷ್ಟ್ರೇ," ಎಂದರು. ಅವನು ಮಾಡಿದ್ದು ನನಗಂತೂ ಹಿಡಿಸಲಿಲ್ಲ ಎಂದು. ಆಮೇಲೆ ಕನ್ನಡದಲ್ಲಿ ಹೇಳಿದರು: "ಆದ್ರೆ ಅವನು ತೂಬಿನ ತಾವ ಇದ್ದಷ್ಟು ದಿನ ನಮ್ಮ ಪಾಲು ತಪ್ಪಿಲ್ಲ. ನಾನು ಒಂದಿನಾನೂ ಹೋಗಿ ಕಾವಲು ಕೂತಿಲ್ಲ. ನೀವು ಹೇಳಿದ ಅರ್ಥದಾಗೆ ಆದ್ರೆ ಸರಿ."

ಶಾಲೆಯ ಅಂಗಳದಲ್ಲಿ ಊಟಕ್ಕೆ ಎಲೆ ಹಾಕಿದ್ದರು. ಹೊಸ ಶಾಲು ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡೇ ತಮ್ಮ ಉಣ್ಣುತ್ತಿದ್ದರು. ಅಕ್ಕ ಹೋಗಿ ಪಕ್ಕದ ಎಲೆಯ ಮುಂದೆ ಕೂತರು.

"ಏನ್ಲಾ, ಅನ್ನ ಸಾಕಾ?"

"ಸಾಕಕ್ಕ," ಎಂದರು ಅವರು. ನಂತರ ಇಬ್ಬರೂ ಊಟ ಮುಗಿಸಿದರು. ಎದ್ದು ಹೋಗುವಾಗ ಅಕ್ಕ ಆ ಶಾಲನ್ನು ಮಡಿಸಿ ಅವರ ಹೆಗಲಿಗೆ ಹಾಕಿದರು.