ಶೀನಣ್ಣನನ್ನು ನಾನು ಕ್ಷಮಿಸಿದ್ದು

ರಿಪೇರಿಗೆ ಗಾಡಿ ತಂದವರಿಗೆ ಬೆನ್ನು ಹಾಕಿ, ಗೋಡೆ ನೋಡುತ್ತ ನಿಲ್ಲುವ ಮೆಕ್ಯಾನಿಕ್ಕನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೊಪ್ಪದಿಂದ ಎನ್.ಆರ್.ಪುರಕ್ಕೆ ಹೋಗುವ ರಸ್ತೆಯಲ್ಲಿ, ಪೇಟೆ ಮುಗಿಯುವ ಜಾಗದಲ್ಲಿ ಶೀನಣ್ಣನ ಶೆಡ್ಡು. ಬೈಕು ನಿಲ್ಲಿಸಿ, ಪಿಕಪ್ ಇಲ್ಲ, ಏನೋ ಕಟಕಟ ಅನ್ನುತ್ತದೆ ಎಂದು ನಾವು ಶುರುಮಾಡಿದರೆ ಕೈ ಎತ್ತಿ ತಡೆಯುತ್ತಿದ್ದರು. ಅಲ್ಲಿ ಕಾಣುವ ಮೋರಿಯ ತನಕ ಹೋಗಿ ತಿರುಗಿಸಿಕೊಂಡು ಬರಬೇಕು. ನಾವು ಬರುವಾಗ ಅವರು ಗೋಡೆಗೆ ಮುಖ ಮಾಡಿ, ತಲೆ ಒಂದಿಷ್ಟು ವಾಲಿಸಿ ನಿಂತಿರುತ್ತಿದ್ದರು. ನೋಡಿದರೆ ಕಿವಿ ಸೋಮಾರಿಯಾಗುತ್ತದೆ ಎನ್ನುವುದು ಅವರ ವಾದ. ಆಮೇಲೆ ತಿರುಗಿ, ಚೈನು ಅಂತಲೋ ಟ್ಯಾಪೆಟ್ ಅಂತಲೋ ಒಂದೇ ಮಾತು ಹೇಳುವರು. ಅದು ತಪ್ಪಿದ್ದನ್ನು ನಾನಂತೂ ನೋಡಿಲ್ಲ.

ಮಾತಾಡದೆ ಇರಲಾಗದವರು ಮತ್ತೆ ಬಾಯಿ ಹಾಕಿದರೆ ಒಂದು ಮಾತು ಖಾಯಂ ಇತ್ತು. “ಗಾಡಿಗೆ ಬಾಯಿದೆ ಮಾರಾಯ. ನೀ ಯಾಕೆ ಅದರ ವಕೀಲ ಆಗ್ತೀಯ?”

ತೆಳ್ಳಗಿನ ಮನುಷ್ಯ. ಚಾ ಕುಡಿಯುವ ಮೊದಲು ಮರದ ಪುಡಿ, ಬಾರ್ ಸೋಪು ಹಾಕಿ ಮೊಣಕೈ ತನಕ ತಿಕ್ಕಿ ತೊಳೆಯುತ್ತಿದ್ದರು. ಅಷ್ಟರಲ್ಲಿ ಚಾ ತಣ್ಣಗಾಗಿರುತ್ತಿತ್ತು, ಅದನ್ನೇ ಕುಡಿಯುತ್ತಿದ್ದರು. ಜನರ ಹೆಸರು ಅವರಿಗೆ ನೆನಪಿರುತ್ತಿರಲಿಲ್ಲ. ಬೈಕುಗಳನ್ನು ಊರ ಹೆಸರಿನಿಂದ ಕರೆಯುವರು. ಹರಿಹರಪುರಕ್ಕೆ ಕ್ಲಚ್ ಕೇಬಲ್ ಹಾಕಬೇಕು, ಶೃಂಗೇರಿ ಸಾಯಂಕಾಲ ಬರುತ್ತದೆ, ಹೀಗೆ. ನಾನು ಅವರ ಪಾಲಿಗೆ ಹಿರೇಕೊಡಿಗೆ. ಯಾವ ಭಾಗ ಬದಲಿಸಿದರೂ ಹಳೆಯದನ್ನು ಪೇಪರಿನಲ್ಲಿ ಸುತ್ತಿ ಮಾಲೀಕನ ಕೈಗೇ ಕೊಡುತ್ತಿದ್ದರು. ಇದು ನನಗೆ ಯಾಕೆ ಅಂದರೆ, “ನಿನ್ನದು, ತಗೊಂಡು ಹೋಗು. ನಾ ಎಂತ ತೆಗ್ದೆ ಅಂತ ನಿಂಗೆ ಗೊತ್ತಿರ್ಲಿ” ಎನ್ನುವರು. ಅಂಥ ಮನುಷ್ಯನಿಗೆ ನಾನು ಮಾಡಿದ್ದನ್ನು ಬರೆಯಲು ಕೂತಿದ್ದೇನೆ. ಇಷ್ಟು ಹೊತ್ತು ಅವರ ಚಾ, ಸೋಪು ಎಂದು ಸುತ್ತು ಬಳಸಿದ್ದು ಅದಕ್ಕೇ.

ನಮ್ಮ ಕಡೆಯ ಬೈಕಿನವರಿಗೆಲ್ಲ ಒಂದು ಚಟ ಇದೆ. ಇಳಿಜಾರು ಸಿಕ್ಕಿತು ಅಂದರೆ ಎಂಜಿನ್ ಆಫ್ ಮಾಡಿ, ನ್ಯೂಟ್ರಲ್ಲಿಗೆ ಹಾಕಿ, ಬರೀ ಬ್ರೇಕಿನ ಮೇಲೆ ಇಳಿಯುವುದು. ಪೆಟ್ರೋಲು ಉಳಿಯುತ್ತದೆ ಎನ್ನುವುದು ನೆಪ. ನಿಜ ಹೇಳಬೇಕೆಂದರೆ ಆ ಸದ್ದಿಲ್ಲದ ಓಟ, ಕಿವಿಗೆ ಬಡಿಯುವ ಗಾಳಿ, ಅದರ ಮಜಾ. ಕಾಲೇಜು ಮುಗಿಸಿದ ವರ್ಷ ನಾನು ಸಿರಿಮನೆಯಿಂದ ಕಿಗ್ಗದ ತನಕ ಒಂದು ಸಲವೂ ಎಂಜಿನ್ ಹಾಕದೆ ಇಳಿದು ಬಂದು, ಆ ಸಾಧನೆಯನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಮರುವಾರ ಸರ್ವೀಸಿಗೆ ಬಿಟ್ಟಾಗ ಶೀನಣ್ಣ ಹಿಂದಿನ ಚಕ್ರ ಬಿಚ್ಚಿದರು. ಒಳಗಿನ ಬ್ರೇಕ್ ಶೂ, ಅಂದರೆ ಡ್ರಮ್ಮಿಗೆ ಒತ್ತಿಕೊಂಡು ಚಕ್ರ ನಿಲ್ಲಿಸುವ ಆ ಎರಡು ಅರ್ಧಚಂದ್ರ, ಕಾದು ಕಾದು ಗಾಜಿನಂತೆ ಮಿರಮಿರ ಮಿಂಚುತ್ತಿತ್ತು. ಅದನ್ನು ನನ್ನ ಮುಖದ ಹತ್ತಿರ ಹಿಡಿದರು.

“ತಲೆ ಬಾಚ್ಕೋ. ಕನ್ನಡಿ ಮಾಡಿಟ್ಟಿದ್ದೀಯಲ್ಲ” ಎಂದರು. ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಶೀನಣ್ಣ ಮಾತ್ರ ನಗಲಿಲ್ಲ. ಎಂಜಿನ್ ಅಂದರೆ ಓಡಿಸುವುದಕ್ಕೆ ಮಾತ್ರ ಅಲ್ಲ, ಹಿಡಿಯುವುದಕ್ಕೂ ಅದೇ, ಗೇರಿನಲ್ಲಿದ್ದರೆ ಅದು ಗಾಡಿಯನ್ನು ಹಿಂದಕ್ಕೆ ಎಳೆದುಕೊಂಡೇ ಇಳಿಸುತ್ತದೆ ಎಂದು ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ನಾನು ತಲೆ ಅಲ್ಲಾಡಿಸಿದೆ. ಚಟ ಬಿಡಲಿಲ್ಲ, ಕೊಪ್ಪ ಹತ್ತಿರ ಬಂದಾಗ ಎಂಜಿನ್ ಹಾಕಿಕೊಳ್ಳುವುದನ್ನು ಕಲಿತೆ, ಅಷ್ಟೆ.

ಆಮೇಲೆ ಉಗಾಂಡದಲ್ಲಿ ಕಾಫಿ ನರ್ಸರಿ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅಲ್ಲೂ ಗುಡ್ಡ, ಅಲ್ಲೂ ಕೆಂಪು ಮಣ್ಣು. ತಿರುಗಾಡಲು ಒಂದು ಹಳೆಯ ನೂರು ಸಿಸಿ ಬೈಕು ತಗೊಂಡೆ. ನಮ್ಮ ದೇಶದ್ದೇ ಗಾಡಿ, ಹಾಗಾಗಿ ಅದರ ಭಾಷೆ ಶೀನಣ್ಣನಿಗೆ ಬರುತ್ತಿತ್ತು. ಎಸ್ಟೇಟಿನಿಂದ ಗ್ಯಾರೇಜಿಗೆ ಎರಡು ಗಂಟೆ ದಾರಿ. ಮೊದಲ ಸಲ ಗಾಡಿ ಎಳೆಯದೆ ಮುಕ್ಕರಿಸಿದಾಗ ಶೀನಣ್ಣನಿಗೆ ವಾಟ್ಸಾಪಿನಲ್ಲಿ ಉದ್ದಕ್ಕೆ ವಿವರಿಸಿ ಕಳಿಸಿದೆ. ಉತ್ತರದಲ್ಲಿ ಅದೇ ವಕೀಲನ ಮಾತು ಬಂತು. ಕಾಲ್ ಹಾಕಿ ಫೋನನ್ನು ರಸ್ತೆ ಬದಿಯ ಕಲ್ಲಿನ ಮೇಲೆ ಇಟ್ಟು, ದೂರದಿಂದ ಬೈಕು ಓಡಿಸಿಕೊಂಡು ಬಂದು ಅದರ ಮುಂದೆ ಹಾದು ಹೋಗಬೇಕಂತೆ. ನರ್ಸರಿಯ ಹೆಂಗಸರು ಪಾಲಿಥಿನ್ ಚೀಲಕ್ಕೆ ಮಣ್ಣು ತುಂಬುವುದನ್ನು ಬಿಟ್ಟು ಬಿದ್ದು ಬಿದ್ದು ನಕ್ಕರು. ಅವರಲ್ಲೊಬ್ಬಳು ಗ್ರೇಸ್, ಎಲ್ಲರಿಗಿಂತ ಜೋರಾಗಿ ನಕ್ಕವಳು, ನನ್ನನ್ನು ಆ ದಿನದಿಂದ ಕಲ್ಲಿಗೆ ಹಾಡು ಹೇಳುವವನು ಎಂದು ಕರೆಯತೊಡಗಿದಳು. ಅತ್ತ ಕೊಪ್ಪದಲ್ಲಿ ಶೀನಣ್ಣ ಫೋನನ್ನು ಬೆಂಚಿನ ಮೇಲಿಟ್ಟು, ಗೋಡೆಗೆ ತಿರುಗಿ ನಿಂತು ಕೇಳುತ್ತಿದ್ದರಂತೆ. ಕಾರ್ಬುರೇಟರಿನಲ್ಲಿ ಕಸ ಇದೆ ಎಂದರು. ಇತ್ತು.

ಹೀಗೆ ಎರಡು ವರ್ಷ ನಡೆಯಿತು. ಮೂರನೆಯ ವರ್ಷ ಹಿಂದಿನ ಬ್ರೇಕ್ ಶೂ ಸವೆದು ಹೋಯಿತು. ಬ್ರೇಕಿನ ಕೆಲಸವನ್ನು ಫೋನಿನಲ್ಲಿ ಹೇಳಿಕೊಡಲು ಅವರು ಮೊದಲು ಒಪ್ಪಲಿಲ್ಲ. ನಾನು ಕಾಡಿಸಿದೆ. ಕೊನೆಗೆ ಒಂದು ಭಾನುವಾರ ಅರ್ಧ ದಿನ ಕೂತು ಹದಿನೇಳು ವಾಯ್ಸ್ ಮೆಸೇಜಿನಲ್ಲಿ ಕಲಿಸಿದರು. ಒಂದು ಹಂತ ಹೇಳುವುದು, ಫೋಟೊ ಕಳಿಸು ಅನ್ನುವುದು, ಫೋಟೊ ನೋಡಿದ ಮೇಲೇ ಮುಂದಿನದು. ಹದಿನೇಳನೆಯದು ಇದು: “ಹೊಸ ಶೂ ಮಾರಾಯ, ಇನ್ನೂ ಸರಿ ಕಚ್ಚಲ್ಲ ಅದು. ಒಂದು ವಾರ ಹಿಂದಿನ ಸೀಟಲ್ಲಿ ಯಾರನ್ನೂ ಕೂರಿಸ್ಬೇಡ. ಇಳಿಜಾರಲ್ಲಿ ಗೇರಲ್ಲೇ ಇಳಿ. ನಿನ್ನ ಚಾಳಿ ನಂಗೆ ಗೊತ್ತು.”

ನಾಲ್ಕನೆಯ ದಿನ ಗ್ರೇಸ್‌ಗೆ ಮಗನ ಶಾಲೆಗೆ ಹೋಗಬೇಕಿತ್ತು. ಬೈಕು ಹತ್ತು ಎಂದು ನಾನೇ ಕರೆದೆ. ಎಸ್ಟೇಟಿನಿಂದ ಪೇಟೆಗೆ ಉದ್ದನೆಯ ಇಳಿಜಾರು, ಬೆಳಗಿನ ತಂಪು. ಕೈ ತಾನಾಗಿಯೇ ಕೀಲಿಯ ಕಡೆ ಹೋಯಿತು ಎಂದು ಬರೆಯಬಹುದು, ಆದರೆ ಕೈ ತಾನಾಗಿಯೇ ಹೋಗುವುದಿಲ್ಲ. ನಾನೇ ಆಫ್ ಮಾಡಿದೆ. ಅರ್ಧ ದಾರಿಯಲ್ಲಿ ಬ್ರೇಕು ಕಾದು, ತುಳಿದರೆ ಹಿಡಿಯದಾಯಿತು. ತಿರುವಿನಲ್ಲಿ ಚರಂಡಿಗೆ ಬಿದ್ದೆವು. ನನಗೆ ಮೊಣಕೈ ತರಚಿತು. ಗ್ರೇಸ್‌ಳ ಕಾಲು ಎರಡು ಕಡೆ ಮುರಿಯಿತು. ಆಸ್ಪತ್ರೆಯಲ್ಲಿ ಅವಳು ಕೇಳಿದ್ದು ಒಂದೇ, ಎಂಜಿನ್ ಯಾಕೆ ಸುಮ್ಮನಾಯಿತು ಎಂದು. ತಾನಾಗಿಯೇ ಆಫ್ ಆಯಿತು ಎಂದೆ. ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿ, ಗೋಡೆ ಕಡೆ ಮುಖ ತಿರುಗಿಸಿಕೊಂಡಳು.

ಎಸ್ಟೇಟಿನ ಮ್ಯಾನೇಜರ್ ವಿಚಾರಣೆ ಮಾಡಿದರು. ನನ್ನ ಅಜಾಗರೂಕತೆ ಅಂತಾದರೆ ಕೆಲಸ ಹೋಗುತ್ತಿತ್ತು. ಊರಿನ ಮೆಕ್ಯಾನಿಕ್ ಫೋನಿನಲ್ಲಿ ಹೇಳಿದ ಹಾಗೆ ಶೂ ಹಾಕಿದ್ದೆ, ಅವರು ಹೇಳಿದ್ದು ತಪ್ಪಿತ್ತು ಎಂದುಬಿಟ್ಟೆ. ಸಾವಿರಾರು ಮೈಲಿ ದೂರದ ಮನುಷ್ಯ, ಅವರಿಗೆ ಯಾವ ನಷ್ಟ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಂಜೆ ಕೊಪ್ಪದಲ್ಲಿರುವ ಅಕ್ಕನಿಗೆ ಫೋನ್ ಮಾಡಿದಾಗಲೂ ಅದನ್ನೇ ಒಪ್ಪಿಸಿದೆ. ಸುಳ್ಳು ಒಂದು ಸಲ ಬಾಯಿಂದ ಹೊರಟ ಮೇಲೆ ಅದನ್ನೇ ಹೇಳುವುದು ಸುಲಭ. ನಿಜ ಹೇಳಿದ್ದರೆ ಅಕ್ಕನ ಬೈಗುಳ ಕೇಳಬೇಕಿತ್ತು.

ಅಕ್ಕ ಬೈದಳು, ಆದರೆ ನನಗಲ್ಲ. ಮಾರನೆಯ ದಿನ ಬೆಳಿಗ್ಗೆ ಶೆಡ್ಡಿಗೆ ಹೋಗಿ, ಗಿರಾಕಿಗಳೆಲ್ಲ ನಿಂತಿರುವಾಗಲೇ ಶೀನಣ್ಣನಿಗೆ ಬಾಯಿಗೆ ಬಂದಂತೆ ಅಂದಳಂತೆ. ಪರದೇಶದಲ್ಲಿ ನನ್ನ ತಮ್ಮ ಸತ್ತೇ ಹೋಗುತ್ತಿದ್ದ, ಯಾರದೋ ಹೆಣ್ಣುಮಗಳ ಕಾಲು ಮುರಿಸಿದಿರಿ ಎಂದಳಂತೆ. ಅವರು ಒಂದು ಮಾತೂ ಆಡಲಿಲ್ಲ ಎಂದು ಆಮೇಲೆ ಅವಳೇ ನನಗೆ ಹೆಮ್ಮೆಯಿಂದ ಹೇಳಿದಳು. ಆ ರಾತ್ರಿ ಶೀನಣ್ಣನಿಂದ ಒಂದು ವಾಯ್ಸ್ ಮೆಸೇಜ್ ಬಂದಿತ್ತು: ಆ ಹೆಂಗಸು ಹೇಗಿದ್ದಾಳೆ, ನಡೆಯುತ್ತಾಳಾ? ನಾನು ಅದನ್ನು ಕೇಳಿಸಿಕೊಂಡೆ, ಉತ್ತರ ಕೊಡಲಿಲ್ಲ. ಮತ್ತೆರಡು ಸಲ ಅದನ್ನೇ ಕೇಳಿದರು. ಆಮೇಲೆ ಸುಮ್ಮನಾದರು.

ಅವತ್ತಿನಿಂದ ಅವರು ಬ್ರೇಕಿನ ಕೆಲಸ ಮುಟ್ಟುವುದನ್ನು ಬಿಟ್ಟರು. ಬ್ರೇಕು ಅಂತ ಯಾರು ಬಂದರೂ ಬಸ್‌ಸ್ಟ್ಯಾಂಡಿನ ಹತ್ತಿರದ ಗ್ಯಾರೇಜಿಗೆ ಹೋಗು ಎನ್ನುತ್ತಿದ್ದರಂತೆ. ಏರಿಳಿತವೇ ರಸ್ತೆಯಾಗಿರುವ ನಮ್ಮೂರಲ್ಲಿ ಬ್ರೇಕು ನೋಡದ ಮೆಕ್ಯಾನಿಕ್ ಹತ್ತಿರ ಯಾರು ಎಷ್ಟು ದಿನ ಬರುತ್ತಾರೆ? ಮೊದಲು ಶೃಂಗೇರಿ ಬರುವುದು ನಿಂತಿತು, ಆಮೇಲೆ ಹರಿಹರಪುರ.

ಮರುವರ್ಷ ರಜೆಗೆ ಬಂದೆ. ಹೇಳಿಬಿಡಬೇಕು ಎಂದೇ ಹೋದೆ. ವಿಮಾನದಲ್ಲಿ, ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಶೆಡ್ಡಿನಲ್ಲಿ ಒಂದೇ ಒಂದು ಗಾಡಿ ನಿಂತಿತ್ತು. ನನ್ನನ್ನು ಕಂಡು ಎದ್ದು ನಿಂತರು. ಇಪ್ಪತ್ತು ವರ್ಷ ದೊಡ್ಡವರು, ನನ್ನನ್ನು ಕಂಡು ಎದ್ದು ನಿಂತದ್ದು ಅದೇ ಮೊದಲು. ಮೊದಲು ಗ್ರೇಸ್‌ಳನ್ನು ವಿಚಾರಿಸಿದರು. ಕುಂಟುತ್ತಾಳೆ, ಕೂತು ಮಾಡುವ ಕೆಲಸ ಕೊಟ್ಟಿದ್ದಾರೆ ಎಂದೆ. ಆಮೇಲೆ, ಆ ಹದಿನೇಳು ಮೆಸೇಜು ನಿನ್ನ ಹತ್ತಿರ ಇದೆಯಾ ಎಂದು ಕೇಳಿದರು. ಅವರ ಹಳೆಯ ಫೋನು ಹಾಳಾಗಿತ್ತು. “ಎಲ್ಲಿ ತಪ್ಪು ಹೇಳ್ದೆ ಅಂತ ಗೊತ್ತಾಗ್ಬೇಕಿತ್ತು ನಂಗೆ. ಎಷ್ಟು ಯೋಚ್ನೆ ಮಾಡಿದ್ರೂ ಹೊಳೀತಿಲ್ಲ.”

ಫೋನು ನನ್ನ ಜೇಬಿನಲ್ಲೇ ಇತ್ತು. ಅಳಿಸಿ ಹೋಗಿದೆ ಎಂದೆ.

ಆಗ ಅವರು ಕೈ ಮುಗಿದರು. “ತಪ್ಪಾಯ್ತು ಮಾರಾಯ. ದೂರದಿಂದ ಹೇಳ್ಬಾರ್ದಿತ್ತು, ನಂಗೆ ಸೊಕ್ಕು ಬಂದಿತ್ತು.” ಆ ಕೈಗಳನ್ನು ಹಿಡಿದು ಕೆಳಗಿಳಿಸಿ ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು ಕೈ ಹಿಡಿದೆ, ಕೆಳಗಿಳಿಸಿದೆ. ಬಾಯಿಂದ ಬಂದದ್ದು ಮಾತ್ರ ಬೇರೆ. “ಹೋಗ್ಲಿ ಬಿಡಿ ಶೀನಣ್ಣ, ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ.” ಹೇಳುವಾಗ ದನಿಯಲ್ಲಿ ಉದಾರತೆ ಬೇರೆ. ಈಗ ನೆನೆಸಿಕೊಂಡರೆ ನನ್ನ ನಾಲಿಗೆಯನ್ನೇ ಕಿತ್ತು ಎಸೆಯಬೇಕು ಅನ್ನಿಸುತ್ತದೆ. ಅವರ ಕಣ್ಣಲ್ಲಿ ನೀರು ತುಂಬಿತು. ಚಾ ತರಿಸಿದರು. ನಾನು ಕುಡಿದೆ ಕೂಡ.

ಈ ಸಲ ಬರುವಷ್ಟರಲ್ಲಿ ಶೀನಣ್ಣ ತೀರಿಕೊಂಡು ಎರಡು ತಿಂಗಳಾಗಿತ್ತು. ಎದೆನೋವು ಅಂದರಂತೆ, ಆಸ್ಪತ್ರೆ ತಲುಪಲಿಲ್ಲ. ಅವರ ಹೆಂಡತಿ ಸುಮಿತ್ರಕ್ಕನನ್ನು ಮಾತಾಡಿಸಲು ಮನೆಗೆ ಹೋದೆ. ಹಿರೇಕೊಡಿಗೆಯವನು ಎನ್ನುತ್ತಲೇ ಅವರು ಗುರುತು ಹಿಡಿದು, ಚಾಪೆ ಹಾಸಿ ಕೂರಿಸಿದರು. ಹೋದ ವರ್ಷ ನೀವು ಬಂದು ಹೋದಿರಲ್ಲ, ಅವತ್ತು ಅವರು ತುಂಬ ದಿನದ ಮೇಲೆ ಹೊಟ್ಟೆ ತುಂಬ ಉಂಡರು, ಹುಡುಗ ನನ್ನ ತಪ್ಪು ಹೊಟ್ಟೆಗೆ ಹಾಕಿಕೊಂಡ ಎಂದು ಎಷ್ಟು ಸಲ ಹೇಳಿದರೋ, ನಿಮ್ಮದು ದೊಡ್ಡ ಮನಸ್ಸು ಎಂದರು.

ಇನ್ನು ತಡೆಯಲಾಗಲಿಲ್ಲ. ಫೋನು ತೆಗೆದು ಹದಿನೇಳನೆಯ ಮೆಸೇಜು ಹಾಕಿದೆ. ಆ ಸಣ್ಣ ಮನೆಯಲ್ಲಿ ಶೀನಣ್ಣನ ದನಿ ಕೇಳಿತು. ಗೇರಲ್ಲೇ ಇಳಿ, ಯಾರನ್ನೂ ಕೂರಿಸಬೇಡ, ನಿನ್ನ ಚಾಳಿ ನನಗೆ ಗೊತ್ತು. ಸುಮಿತ್ರಕ್ಕ ಇನ್ನೊಂದು ಸಲ ಹಾಕಲು ಹೇಳಿದರು, ಹಾಕಿದೆ. ತಪ್ಪು ನಂದು, ಎಂಜಿನ್ ಆಫ್ ಮಾಡಿದವನು ನಾನು, ಅವರು ಹೇಳಿದ್ದೆಲ್ಲ ಸರಿಯಿತ್ತು ಎಂದೆ. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಮೆಲ್ಲಗೆ ಕೇಳಿದರು.

“ಇದನ್ನ ಅವ್ರಿಗೆ ಒಂದ್ಸಲ ಕೇಳಿಸ್ಬಹುದಿತ್ತಲ್ಲ?”

ಕೇಳಿಸಬಹುದಿತ್ತು ಎಂದೆ.