ಮನುಷ್ಯರೆಂದು ತೋರಿಸಿ

ಡೊಂಬಿವಲಿಯ ನಮ್ಮ ಪಕ್ಕದ ಮನೆಯ ಮಾಮ ಬಾಗಿಲನ್ನು ಸರಪಳಿ ಬಿಡುವಷ್ಟೇ ತೆರೆದು, ಕನ್ನಡಕದ ಮೇಲಿಂದ ನೋಡಿ, "ಮೊದಲು ಯಾರು ಹೇಳಿ" ಎನ್ನುತ್ತಿದ್ದರು. ಹುಟ್ಟಿದಾಗಿನಿಂದ ಗೋಡೆಯಾಚೆ ಅರಚುತ್ತಿದ್ದ ನನಗೂ ಅದೇ ಪ್ರಶ್ನೆ. ಅವರ ದನಿ ಅನುಕರಿಸಿ ನಾನು ಇಡೀ ಹೌಸಿಂಗ್ ಸೊಸೈಟಿಯನ್ನು ನಗಿಸುತ್ತಿದ್ದೆ; ನನ್ನ ಸ್ವಂತ ದನಿಗೆ ಯಾರೂ ಅಷ್ಟು ಬೆಲೆ ಕೊಟ್ಟಿರಲಿಲ್ಲ.

ಇಮೇಲಿಗೂ ಅವರು ಅಂಥದೇ ಸರಪಳಿ ಹಾಕಿಸಿದರು. ಗುರುತಿಲ್ಲದವರು ಬರೆದರೆ, "ನೀವು ಮನುಷ್ಯರೆಂದು ಇಲ್ಲಿ ಒತ್ತಿ ತೋರಿಸಿ" ಎಂಬ ಉತ್ತರ ತಾನಾಗಿ ಹೋಗುತ್ತಿತ್ತು. ಒತ್ತುವ ತನಕ ಪತ್ರ ಹೊರಗೆ. ಲಾಟರಿಯವರ, ಸಾಲ ಕೊಡ್ತೇವೆನ್ನುವವರ ಕಾಟ ನಿಂತೇಹೋಯಿತು. "ನೋಡು ಮಾರಾಯ, ಒಂದು ನೊಣ ಇಲ್ಲ" ಎಂದು ಬೀಗಿದರು.

ಅದೇ ದಿನಗಳಲ್ಲಿ ಅವರು, ನಾನು ಅಕ್ಕ ಎನ್ನುತ್ತಿದ್ದ ತಮ್ಮ ಮಗಳ ಜಾತಕವನ್ನು ಘಣಸೋಲಿಯ ಹುಡುಗನೊಬ್ಬನ ತಂದೆಗೆ ಇಮೇಲ್ ಮಾಡಿದ್ದರು. ಫೋಟೋ ನೋಡಿಯೇ ಅಕ್ಕನಿಗೆ ಹುಡುಗ ಹಿಡಿಸಿದ್ದ. ಉತ್ತರ ಬರಲಿಲ್ಲ. ಹೆಣ್ಣಿನ ಕಡೆಯವರು ಮೇಲೆಬಿದ್ದು ಕೇಳುವುದೇ ಎಂದು ಮಾಮ ಫೋನೂ ಮಾಡಲಿಲ್ಲ.

ಠಾಣೆ ನಗರದ ಒಂದು ಮದುವೆಯಲ್ಲಿ ಆ ತಂದೆಯೇ ಎದುರಾದರು. "ಜಾತಕ ಕಳಿಸ್ತೇನೆ ಹೇಳಿ ಕಳಿಸ್ಲೇ ಇಲ್ಲ ಅಲ್ವಾ ನೀವು? ಹುಡುಗನಿಗೆ ಬೇರೆ ಕಡೆ ನಿಶ್ಚಯ ಆಯ್ತು." ವಿಚಾರಿಸಿದರೆ ಅವರದೂ ಅದೇ ವ್ಯವಸ್ಥೆ. ಅದು ಮಾಮನ ಪತ್ರವನ್ನು ತಡೆದು ಪ್ರಶ್ನೆ ಕಳಿಸಿತ್ತು. ಆ ಪ್ರಶ್ನೆಯನ್ನು ಮಾಮನ ವ್ಯವಸ್ಥೆ ಗುರುತಿಲ್ಲದವರದೆಂದು ತಡೆದು, ತಿರುಗಿ ಅದನ್ನೇ ಕೇಳಿತ್ತು. ಯಂತ್ರಗಳ ಈ ಮಾತುಕತೆಯನ್ನು ಅಭಿನಯಿಸಲು ನನ್ನ ನಾಲಿಗೆ ತುರಿಸಿತು. ಪಕ್ಕದಲ್ಲಿದ್ದ ಅಕ್ಕನ ಮುಖ ನೋಡಿ, ಅದನ್ನು ಬಿಟ್ಟು ಅವಳಿಗೊಂದು ಕುರ್ಚಿ ತಂದಿಟ್ಟೆ.

ಆಮೇಲೆ ಮಾಮ ದಿನಾ ಬೆಳಿಗ್ಗೆ, ತಡೆದಿಟ್ಟ ಪತ್ರಗಳನ್ನೆಲ್ಲ ಒಂದೊಂದಾಗಿ ತೆರೆದು, ಕೂದಲೆಣ್ಣೆಯ ಜಾಹೀರಾತನ್ನೂ ಕೊನೆತನಕ ಓದುತ್ತಿದ್ದರು. "ಡಿಲೀಟ್ ಮಾಡಿ ಮಾಮ" ಎಂದರೆ, "ತಡಿ, ಮಧ್ಯದಲ್ಲಿ ಯಾರಾದ್ರೂ ನಮ್ಮವರು ಇದ್ದರೆ?" ಎನ್ನುತ್ತಿದ್ದರು.