ಗೊಂಪು ಕೂರುವ ಹೊತ್ತು

ಹೊಸನಗರದ ಕಡೆಯ ಮಾಸ್ತಪ್ಪನಿಗೆ ಸಂಬಳ ಸಿಗುತ್ತಿದ್ದದ್ದು ಬೆರಳಿಗೆ. ನಗಬೇಡಿ, ಬೆರಳಿಗೇ. ಅವನ ಊರನ್ನು ಮುಳುಗಿಸಿದ ಅಣೆಕಟ್ಟೆಯ ಪಕ್ಕದ ಗುಡ್ಡದಲ್ಲಿ ಅರವತ್ತೈದನೇ ಇಸವಿಯಲ್ಲಿ ಒಂದು ಸುರಂಗ ಕೊರೆದರು. ಒಳಗೆ ಬಂಡೆ ಬಿರುಕಿನಿಂದ ನೀರೋ ನೀರು! ಸಿಮೆಂಟು ತುರುಕಿದರೂ ನಿಲ್ಲಲಿಲ್ಲ. ಆಗ ಬಂದವರು ಇಂಜಿನಿಯರ್ ನಾಗರಾಜಪ್ಪ. ಅಸ್ಸಾಮಿನ ಎಣ್ಣೆ ಬಾವಿಗಳಲ್ಲಿ ಎಣ್ಣೆಯ ಜೊತೆ ನುಗ್ಗಿ ಬರುವ ನೀರಿನೊಂದಿಗೆ ಹೆಣಗಾಡಿದ್ದ ಮನುಷ್ಯ. ಅವರು ತಂದ ಬಿಳಿ ಪುಡಿಯನ್ನು ಕಲಸಿ ಪಂಪಿನಲ್ಲಿ ಬಿರುಕಿಗೆ ನುಗ್ಗಿಸಿದರೆ, ಮೊದಲು ನೀರಿನ ಹಾಗೆ ಹರಿದು ಹೋಗಿ ಹತ್ತು ನಿಮಿಷದಲ್ಲಿ ಲೋಳೆಯಾಗಿ ಗಟ್ಟಿ ಕೂರುತ್ತಿತ್ತು.

"ಇದೆಂತ ಸಾಹೇಬ್ರೇ, ನಮ್ಮ ಹೆಂಗಸ್ರು ಸೊಪ್ಪು ಕಿವುಚಿ ತಲೆಗೆ ಹಚ್ಚೋ ಗೊಂಪಲ್ವಾ?" ಅಂದ ಮಾಸ್ತಪ್ಪ. ಆವತ್ತಿನಿಂದ ಸುರಂಗದವರೆಲ್ಲ ಆ ಮದ್ದನ್ನು ಗೊಂಪು ಎಂದೇ ಕರೆದರು.

ಅದೇ ಮದ್ದನ್ನು ಒಂದು ಲೋಟದಲ್ಲಿ ಹಿಡಿದು, ಬೆರಳಾಡಿಸುತ್ತಾ ಕೂತು, ಗಟ್ಟಿಯಾದ ಗಳಿಗೆಗೆ "ಕೂತ್ತು!" ಎಂದು ಕೂಗುವುದು ಅವನ ಕೆಲಸ. ಪಂಪ್ ನಿಲ್ಲಿಸುವುದು ಆಮೇಲೆ. ಮುಂಚೆ ನಿಲ್ಲಿಸಿದರೆ ಹಸಿ ಮದ್ದು ಬಂಡೆಯೊಳಗಿನ ನೀರಿನ ಜೊತೆ ಎತ್ತ ಹೋದೀತೋ ದೇವರೇ ಬಲ್ಲ.

"ಗ್ಲೌಸು ಹಾಕ್ಕೊ ಮಾರಾಯ. ಗಟ್ಟಿಯಾದ್ರೆ ಭಯವಿಲ್ಲ, ಹಸಿಯದ್ದು ನರ ತಿಂದು ಹಾಕುತ್ತೆ," ಎಂದು ನಾಗರಾಜಪ್ಪ ದಿನಾ ಬೈಯುತ್ತಿದ್ದರು. ಗ್ಲೌಸು ಹಾಕಿದರೆ ಏನು ತಿಳಿದೀತು? ಅವರು ಅತ್ತ ತಿರುಗಿದ ಕೂಡಲೇ ಇವನು ಕಳಚಿಡುತ್ತಿದ್ದ. ಎರಡು ತಿಂಗಳಲ್ಲಿ ಬೆರಳ ತುದಿ ಮರಗಟ್ಟಿತು. ಕೆಲಸ ಹೋದೀತೆಂದು ಯಾರಿಗೂ ಹೇಳಲಿಲ್ಲ, ಪುಣ್ಯಾತ್ಮ.

ಗುಡ್ಡದ ಆಚೆ ಬದಿಯ ಹೊಸ ಮನೆಯಲ್ಲಿ ಅವನ ತಾಯಿ ಕನ್ನಮ್ಮ ಒಬ್ಬಳೇ ಇರುತ್ತಿದ್ದಳು. ಹಿತ್ತಲಿನ ಒರತೆಯ ನೀರು ಬಿಟ್ಟು ಬೇರೆ ನೀರು ಮುಟ್ಟುತ್ತಿರಲಿಲ್ಲ. "ಇದು ನಮ್ಮ ಮುಳುಗಿದ ಬಾವಿ ನೀರೇ ಕಣಾ. ನನ್ನ ಹುಡುಕ್ಕೊಂಡು ಬಂದದೆ," ಅನ್ನುತ್ತಿದ್ದಳು. ಊರವರ ಜೊತೆ ಮಗನೂ ನಕ್ಕಿದ್ದ. ಆದರೆ ಒಂದು ದಿನ ಸುರಂಗದಲ್ಲಿ ಬಿರುಕಿನ ಹನಿಗೆ ನಾಲಿಗೆ ಒಡ್ಡಿದ. ಹಿತ್ತಲಿನ ಒರತೆಯದೇ ರುಚಿ! ಅಲ್ಲಿಂದ ಅವನು ನಗಲಿಲ್ಲ.

ಎಲ್ಲಕ್ಕಿಂತ ದೊಡ್ಡ ಬಿರುಕಿಗೆ ಮದ್ದು ಹಾಕಿದ ದಿನ ಮಾಸ್ತಪ್ಪ ಲೋಟದಲ್ಲಿ ಬೆರಳಾಡಿಸಿದ, ಆಡಿಸಿದ, ಏನೂ ತಿಳಿಯಲಿಲ್ಲ. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಅಂದಾಜಿನ ಮೇಲೆ "ಕೂತ್ತು!" ಎಂದುಬಿಟ್ಟ. ಪಂಪ್ ನಿಂತಿತು. ಅವನು ಮೆಲ್ಲಗೆ ಲೋಟ ಬಗ್ಗಿಸಿದರೆ ಮದ್ದು ನೀರಿನ ಹಾಗೆ ಸುರಿದುಹೋಯಿತು.

ವಿಚಿತ್ರವೆಂದರೆ, ಮರುದಿನ ಬಿರುಕೂ ಒಣಗಿತ್ತು. ಮದ್ದು ಎಲ್ಲೋ ಒಳಗೆ, ಯಾವ ದಾರಿಯಲ್ಲೋ, ಹೋಗಿ ಕೂತಿತ್ತು. ನಾಗರಾಜಪ್ಪ ಬೆನ್ನು ತಟ್ಟಿದರು. ಸದ್ದಡಗಿದ ಆ ಸುರಂಗದಲ್ಲಿ ನಿಲ್ಲಲು ಮಾಸ್ತಪ್ಪನಿಗೆ ಹೆದರಿಕೆಯಾಯಿತು.

ವಾರ ಕಳೆದು, ಭಾನುವಾರ ಮಧ್ಯಾಹ್ನ ಮನೆಗೆ ಹೋದ. ಕನ್ನಮ್ಮ ಒರತೆಯ ಬಳಿ ಕೂದಲು ಬಿಚ್ಚಿ ಕೂತಿದ್ದಳು. ಒರತೆ ಹರಿಯುತ್ತಿರಲಿಲ್ಲ. ಕೊಡ ಅದ್ದಿದ ಗುಳಿ ನೀರಿನ ಮೇಲೆ ಮುಚ್ಚದೆ ಹಾಗೇ ಉಳಿದು, ಮೆಲ್ಲಗೆ ನಡುಗುತ್ತಿತ್ತು.

"ಬಂದ್ಯೇನಾ ಮಾಸ್ತ? ನೀರು ಮಾತ್ರ ಅಲ್ಲ ಕಣಾ, ನಾವು ಬಾವಿಕಟ್ಟೇಲಿ ಕಿವುಚ್ತಿದ್ದ ಗೊಂಪೂ ಬಂದದೆ! ಮೊದ್ಲು ತೆಳ್ಳಗಿತ್ತು. ಐದು ದಿನದಿಂದ ತಲೆಗೆ ಹಚ್ತಾ ಇದೀನಿ." ಎಳೆ ಹುಡುಗಿಯ ಸಂಭ್ರಮ ಆ ದನಿಯಲ್ಲಿ. ಲೋಳೆ ಅವಳ ಬಿಳಿ ಕೂದಲಿನಿಂದ ಹೆಗಲಿಗೆ ಇಳಿದಿತ್ತು.

ಅವನು ಅವಳನ್ನು ಹಳ್ಳಕ್ಕೆ ಎಳೆದೊಯ್ದ. ಕೊಡದ ಮೇಲೆ ಕೊಡ ಸುರಿದ. ಕೂತದ್ದೋ, ಹಸಿಯದ್ದೋ? ಕೂತದ್ದಾದರೆ ಬದುಕಿದಳು. ಇಡೀ ಸೀಮೆಯಲ್ಲಿ ಅದನ್ನು ಮುಟ್ಟಿ ಹೇಳಬಲ್ಲವನು ಅವನೊಬ್ಬನೇ. ಕೂದಲ ಎಳೆ ಹಿಡಿದು ಹಿಂಡಿದ, ಉಜ್ಜಿದ. ಅಯ್ಯೋ, ಕೂದಲೇ ಕೈಗೆ ಸಿಕ್ಕಂತೆ ಅನ್ನಿಸಲಿಲ್ಲ.

"ಅವ್ವಾ, ನೀನೇ ಮುಟ್ಟಿ ಹೇಳು. ಗಟ್ಟಿ ಐತಾ, ನೀರ ಹಂಗೈತಾ?"

ಕನ್ನಮ್ಮ ನೆತ್ತಿಗೆ ಕೈ ಹಾಕಿದಳು. ಆಮೇಲೆ ತನ್ನ ಬೆರಳುಗಳನ್ನೇ ನೋಡಿ ನಕ್ಕಳು.

"ಎಂತದೋ ಮಾರಾಯ, ನಿನ್ನೆಯಿಂದ ನನ್ನ ಬೆರಳಿಗೂ ಏನೂ ತಿಳೀತಿಲ್ಲ."